‘ಇಲ್ಲ’ ಎಂದು ಒತ್ತಿದವನ ಪರವಾಗಿ

ಪ್ರೊಬೇಷನ್ ಸೇವೆಯ ಮುಖ್ಯಸ್ಥರ ಗಮನಕ್ಕೆ

ಮಾನ್ಯರೇ,

ನಾನೊಬ್ಬ ಅಪರಾಧಿ. ಹಾಗೆಂದು ನ್ಯಾಯಾಲಯ ಹೇಳಿದೆ, ನಾನೂ ಒಪ್ಪಿಕೊಂಡಿದ್ದೇನೆ. ನನ್ನ ದೂರು ಇಷ್ಟೇ: ನನ್ನ ನಡತೆಯನ್ನು ಗಮನಿಸಬೇಕಾದ ನಿಮ್ಮ ಇಲಾಖೆ ಒಂಬತ್ತು ತಿಂಗಳಿಂದ ಗಮನಿಸಿಲ್ಲ. ಅಧಿಕಾರಿಯ ಕುರ್ಚಿಯನ್ನು ಖಾಲಿ ಬಿಟ್ಟು ಪಕ್ಕದಲ್ಲೊಂದು ಯಂತ್ರ ನಿಲ್ಲಿಸಿದೆ. ಆ ಯಂತ್ರಕ್ಕೆ ನಿಜ ಹೇಳಿದ ತಪ್ಪಿಗೆ ನಾಟ್ರಾಂಪಾಳ್ಯದ ರೈತ ರಾಮಕೃಷ್ಣಪ್ಪ ಮುಂದಿನ ತಿಂಗಳು ಹನ್ನೆರಡನೇ ತಾರೀಖು ಜೈಲಿಗೆ ಹೋಗುವ ಸ್ಥಿತಿ ಬಂದಿದೆ.

ಮೊದಲು ನನ್ನ ಚರಿತ್ರೆ. ಗಡಿಯ ಈಚೆಗಿನ ಹೊಸೂರಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಶಾಲೆಯ ಮಕ್ಕಳಿಗೆ ಗಣಿತ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದೆ. ಪಕ್ಕದ ಮನೆಯವರು ದಿನಾ ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಿದ್ದರು. ಬಾಯಲ್ಲಿ ಹೇಳಿದೆ, ಚೀಟಿ ಬರೆದು ಅಂಟಿಸಿದೆ. ಒಂದು ಬೆಳಿಗ್ಗೆ ರುಬ್ಬುಗುಂಡು ತಂದು ಕಾರಿನ ಮುಂದಿನ ಗಾಜು ಒಡೆದೆ. ಅರವತ್ತಮೂರನೆಯ ವಯಸ್ಸಿನಲ್ಲಿ ಅಷ್ಟು ಭಾರ ಎತ್ತಿದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟೆ ಎಂಬುದನ್ನೂ ಮುಚ್ಚಿಡುವುದಿಲ್ಲ. ನ್ಯಾಯಾಧೀಶರು ಜೈಲಿನ ಬದಲು ಒಂದು ವರ್ಷದ ಪ್ರೊಬೇಷನ್ ಕೊಟ್ಟರು. ಮನೆಯಲ್ಲೇ ಇರಬಹುದು, ಆದರೆ ನೆಟ್ಟಗಿರಬೇಕು, ತಿಂಗಳಿಗೊಮ್ಮೆ ಕೃಷ್ಣಗಿರಿಗೆ ಹೋಗಿ ಅಧಿಕಾರಿಯ ಮುಂದೆ ಹಾಜರಾಗಬೇಕು.

ಆಗ ನಿಮ್ಮಲ್ಲಿ ಸರಿತಾ ಎಂಬ ಅಧಿಕಾರಿ ಇದ್ದರು. ಮೂರು ಜಿಲ್ಲೆಗೆ ಒಬ್ಬರೇ. ಆದರೂ ಒಮ್ಮೆ ನಮ್ಮ ಮನೆಗೇ ಬಂದರು. ಉಪ್ಪಿಟ್ಟು ತಿಂದರು, ನನ್ನನ್ನು ಚೆನ್ನಾಗಿ ಗದರಿಸಿದರು, ಆಮೇಲೆ ಪಕ್ಕದ ಮನೆಗೆ ಹೋಗಿ ಅರ್ಧ ಗಂಟೆ ಕೂತರು. ಮಾರನೆಯ ದಿನದಿಂದ ಆ ಕಾರು ಬೀದಿಯ ತುದಿಯ ಹೊಂಗೆಮರದ ಕೆಳಗೆ ನಿಲ್ಲುತ್ತಿದೆ. ಪೊಲೀಸ್ ಠಾಣೆ, ವಕೀಲರು, ನನ್ನ ರುಬ್ಬುಗುಂಡು ಎಲ್ಲ ಸೇರಿ ಮಾಡಲಾಗದ ಕೆಲಸ ಅದು. ಇಂಥವರನ್ನು ನೀವು ಏನು ಮಾಡಿದಿರಿ? ವರ್ಗ ಮಾಡಿದಿರಿ. ಅವರ ಜಾಗಕ್ಕೆ ಯಾರನ್ನು ಕಳಿಸಿದಿರಿ? ಆಳೆತ್ತರದ ಕಂಬ, ಅದರ ತುದಿಗೊಂದು ಪರದೆ.

ಉದ್ಘಾಟನೆಯ ದಿನ ಅದಕ್ಕೆ ಮಲ್ಲಿಗೆ ಹಾರ ಹಾಕಿದ್ದರು. ಅದು ನಮ್ಮ ಮುಖ ನೋಡುತ್ತದೆ, ಹೆಸರು ಹೇಳುತ್ತದೆ, ಒಂದೇ ಒಂದು ಪ್ರಶ್ನೆ ಕೇಳುತ್ತದೆ: ಈ ತಿಂಗಳು ನಿಮ್ಮ ನಡತೆ ಒಳ್ಳೆಯದಿತ್ತೇ? ಹೌದು ಅಥವಾ ಇಲ್ಲ. ‘ಹೌದು’ ಎಂದು ಒತ್ತಿದರೆ ಹಸಿರು ದೀಪ, ಧನ್ಯವಾದ. ಅಪರಾಧಿಗಳೇ ತಮಗೆ ನಡತೆ ಪತ್ರ ಬರೆದುಕೊಳ್ಳುವ ಈ ಸೌಕರ್ಯ ಜಗತ್ತಿನಲ್ಲಿ ಬೇರೆಲ್ಲಾದರೂ ಇದೆಯೇ? ಮಕ್ಕಳ ಕೈಗೇ ಅಂಕಪಟ್ಟಿ ಕೊಟ್ಟಿದ್ದರೆ ನನ್ನ ಶಾಲೆಯೂ ಪ್ರತಿವರ್ಷ ನೂರಕ್ಕೆ ನೂರು ಫಲಿತಾಂಶ ತರುತ್ತಿತ್ತು!

ಈಗ ರಾಮಕೃಷ್ಣಪ್ಪನ ವಿಷಯ. ಹೊಲದ ಬದುವಿನ ಜಗಳದಲ್ಲಿ ಊರಿನವನೇ ಆದ ಮುನಿವೆಂಕಟಪ್ಪನ ಬಲಗೈ ಮುರಿದ ಮನುಷ್ಯ. ಎರಡು ವರ್ಷದ ಪ್ರೊಬೇಷನ್‌ನಲ್ಲಿ ಇನ್ನುಳಿದಿರುವುದು ಎರಡೇ ತಿಂಗಳು. ಒಮ್ಮೆಯೂ ತಪ್ಪಿಸಿಕೊಳ್ಳದೆ, ಮೂರು ಬಸ್ಸು ಬದಲಿಸಿ ಬರುತ್ತಾನೆ. ಯಂತ್ರಕ್ಕೆ ತಮಿಳು, ಇಂಗ್ಲಿಷ್ ಬರುತ್ತದೆ, ಕನ್ನಡ ಬರುವುದಿಲ್ಲ. ನಮ್ಮಿಬ್ಬರ ಹಾಜರಿಯೂ ಒಂದೇ ದಿನ, ಹಾಗಾಗಿ ಪ್ರಶ್ನೆಯನ್ನು ಅವನಿಗೆ ನಾನೇ ಓದಿ ಹೇಳುತ್ತೇನೆ. ಕಳೆದ ತಿಂಗಳೂ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಇಲ್ಲ’ ಎಂದು ಒತ್ತಿದ. ಕೆಂಪು ದೀಪ ಹತ್ತಿತು.

“ಯಾಕಪ್ಪಾ ಹಂಗೆ ಒತ್ತಿದೆ?” ಎಂದು ಕೂಗಿಕೊಂಡೆ.

“ನಡತೆ ಸರಿ ಇರ್ಲಿಲ್ಲ ಟೀಚರಮ್ಮ, ಅದ್ಕೇ. ಅಂಚೆಟ್ಟಿ ಸಂತೇಲಿ ಮುನಿವೆಂಕಟಪ್ಪ ರಾಗಿ ಮೂಟೆ ಎತ್ತಾಕಾಗ್ದೆ ನಿಂತಿದ್ದ. ನಾ ಮುರ್ದಿದ್ದ ಕೈ ಅದು. ನೋಡಿನೂ ನೋಡ್ದಂಗೆ ಬಸ್ ಹತ್ಬುಟ್ಟೆ. ಒಳ್ಳೆ ನಡತೆ ಅಂತ ಹೆಂಗಮ್ಮಾ ಒತ್ಲಿ?”

ನಿಮ್ಮ ಕಚೇರಿಯಲ್ಲಿ ಉಳಿದಿರುವ ಏಕೈಕ ಮನುಷ್ಯ, ಅಟೆಂಡರ್ ಭೈರೇಶನನ್ನು ಹಿಡಿದುಕೊಂಡೆ. “ಒತ್ತಿದ್ಮೇಲೆ ಆಯ್ತಮ್ಮಾ, ಕೋರ್ಟ್‌ಗೆ ಹೋಗ್ಬುಡ್ತು. ಅಳಿಸಾಕೆ ಆಫೀಸರ್ ಬೇಕು. ಆಫೀಸರ್ ಇಲ್ಲ,” ಎಂದ. ಹದಿನೈದು ದಿನದಲ್ಲಿ ನೋಟಿಸು ಬಂತು: ಷರತ್ತು ಮುರಿದಿದ್ದೀರಿ, ಜೈಲಿಗೆ ಏಕೆ ಕಳಿಸಬಾರದು?

ಮುಂದಿನದನ್ನೂ ಕೇಳಿ. ಮರುವಾರದ ಸಂತೆಯಲ್ಲಿ ರಾಮಕೃಷ್ಣಪ್ಪ ಕೇಳದೆಯೇ ಹೋಗಿ ಮೂಟೆ ಎತ್ತಿಕೊಟ್ಟ. ಅಂದಿನಿಂದ ಪ್ರತಿ ವಾರ ಎತ್ತುತ್ತಿದ್ದಾನೆ. ಕೈ ಮುರಿಸಿಕೊಂಡಿದ್ದ ಮುನಿವೆಂಕಟಪ್ಪನೇ ನೋಟಿಸಿನ ಸುದ್ದಿ ಕೇಳಿ ಕೃಷ್ಣಗಿರಿಗೆ ಬಂದ. “ಅವ್ನು ಬದ್ಲಾಗವ್ನೆ ಅಂತ ನಾನ್ ಹೇಳ್ತೀನಿ, ಬರ್ಕಳಿ,” ಎಂದು ಯಂತ್ರದ ಮುಂದೆ ನಿಂತ. ಮುಖ ದಾಖಲೆಯಲ್ಲಿಲ್ಲ ಎಂದಿತು ಯಂತ್ರ. “ತಪ್ಪು ಮಾಡಿದೋರ ಮಖ ಮಾತ್ರ ತಗಂತದೆ ಕಣಣ್ಣ,” ಎಂದು ಭೈರೇಶ ಸಮಾಧಾನ ಹೇಳಿದ. ಮುನಿವೆಂಕಟಪ್ಪನಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ, ಎರಡನ್ನೂ ಮಾಡಿದ.

ಹೊಸತೆಲ್ಲ ಬೇಡವೆನ್ನುವ ಮುದುಕಿ ನಾನಲ್ಲ. ವಿದ್ಯುತ್ ಬಿಲ್ಲನ್ನು ಫೋನಿನಲ್ಲೇ ಕಟ್ಟುತ್ತೇನೆ. ಅಧಿಕಾರಿಗೆ ಕಂಪ್ಯೂಟರ್ ಕೊಡಿ, ಬೆಟ್ಟದ ಊರುಗಳಿಗೆ ಹೋಗಲು ಜೀಪು ಕೊಡಿ, ಯಂತ್ರಕ್ಕೆ ಕನ್ನಡವನ್ನೂ ಕಲಿಸಿ. ಆದರೆ ಮೊದಲು ಅಧಿಕಾರಿಯನ್ನು ಕೊಡಿ. ಮನುಷ್ಯ ತಿದ್ದಿಕೊಳ್ಳಲಿ ಎಂದು ತಾನೇ ಈ ಕಾನೂನು? ತನ್ನ ತಪ್ಪನ್ನು ಯಾರೂ ನೋಡದಾಗ ತಾನೇ ನೋಡಿಕೊಂಡವನಿಗಿಂತ ಹೆಚ್ಚು ತಿದ್ದಿಕೊಂಡವನನ್ನು ನೀವು ಎಲ್ಲಿ ಹುಡುಕುತ್ತೀರಿ?

ಆದ್ದರಿಂದ ಹನ್ನೆರಡನೇ ತಾರೀಖಿನೊಳಗೆ ಒಬ್ಬ ಅಧಿಕಾರಿ ನಾಟ್ರಾಂಪಾಳ್ಯಕ್ಕೆ ಹೋಗಬೇಕು, ಆ ಇಬ್ಬರನ್ನೂ ಕೂರಿಸಿ ಕೇಳಬೇಕು, ನ್ಯಾಯಾಲಯಕ್ಕೆ ವರದಿ ಕೊಡಬೇಕು. ಹೋಂವರ್ಕ್ ಪುಸ್ತಕ ಒಪ್ಪಿಸಲೇಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದ ಧಾಟಿಯಲ್ಲೇ ಇದನ್ನು ಹೇಳುತ್ತಿದ್ದೇನೆ.

ಒಬ್ಬರನ್ನಾದರೂ ಒಳಗೆ ಹಾಕದಿದ್ದರೆ ನಿಮ್ಮ ಯಂತ್ರದ ಮರ್ಯಾದೆ ಉಳಿಯುವುದಿಲ್ಲ ಎನ್ನುವುದಾದರೆ, ಒಂದು ಮಾತು. ಅಂದು ರಾಮಕೃಷ್ಣಪ್ಪನ ನಂತರದ ಸರದಿ ನನ್ನದು. ಆ ತಿಂಗಳು ನಾನು ಹಾಲಿನವನನ್ನು ಬಾಯಿಗೆ ಬಂದಂತೆ ಬೈದು ಅಳಿಸಿದ್ದೆ, ತಂಗಿಯ ಜತೆ ಮಾತು ಬಿಟ್ಟಿದ್ದೆ. ಎರಡರಲ್ಲೂ ತಪ್ಪು ನನ್ನದೇ. ಕೆಂಪು ದೀಪ ಇನ್ನೂ ಕಣ್ಣ ಮುಂದಿತ್ತು. ನಾನು ‘ಹೌದು’ ಎಂದು ಒತ್ತಿದೆ. ಹನ್ನೆರಡರಂದು ನಾನೂ ನ್ಯಾಯಾಲಯಕ್ಕೆ ಬಂದು ಇದನ್ನೇ ಹೇಳುತ್ತೇನೆ.

ಇಂತಿ,
ಹೆದರಿ ಹಸಿರು ದೀಪ ಪಡೆದವಳು,
ಭಾಗೀರಥಮ್ಮ
ಹೊಸೂರು