ಜಡೆಯ ತೂಕ

ಜನವರಿ 12, ಭಾನುವಾರ. ಬೆಳಿಗ್ಗೆ

ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಮೇಘನ ಬಾಚಣಿಗೆ ಹಿಡಿದು ಜಗಲಿ ಮೇಲೆ ಕೂತಿದ್ದಳು. ಮ್ಯಾಚಿನ ದಿನ ಅವಳ ಜಡೆ ಹೆಣೆಯುವುದು ನನ್ನ ಕೆಲಸ. ಯಾವಾಗ ಶುರುವಾಯಿತೋ ನೆನಪಿಲ್ಲ. ಮೂರು ಕಾಲಿನ ಜಡೆ, ಬಿಗಿಯಾಗಿ ಸುತ್ತಿ ಗಂಟು, ಮೇಲೆ ಬಲೆ. ಮ್ಯಾಟಿನ ಮೇಲೆ ಪಿನ್ನು ಹಾಕುವಂತಿಲ್ಲ, ಬರೀ ರಬ್ಬರ್ ಬ್ಯಾಂಡು. ಸೊಂಟ ದಾಟುವ ಕೂದಲು. ಆಡುವುದಕ್ಕೆ ಮೊದಲೇ ನನ್ನ ಕೈ ಸೋತಿರುತ್ತದೆ.

ಅರ್ಧ ಕತ್ತರಿಸೇ ಅಂತ ಇವತ್ತೂ ಬೈದೆ. ಇವತ್ತೂ ನಕ್ಕಳು.

ಮೊದಲ ಮ್ಯಾಚು, ಪಾಂಡವಪುರದ ಮೇಲೆ. ನಾಲ್ಕು ತಾಲ್ಲೂಕಿನ ಹೆಂಗಸರ ನಾಲ್ಕು ತಂಡ, ಪ್ರತಿ ತಂಡದ ಜೊತೆ ಎರಡೆರಡು ಸಲ ಆಟ. ನಮ್ಮದು ಕೆ.ಆರ್. ಪೇಟೆಯ ಹೇಮಾವತಿ. ನಾನು ಕ್ಯಾಪ್ಟನ್, ಎಡ ಕಾರ್ನರ್. ಬಲ ಕಾರ್ನರ್ ಮೇಘನ. ಕಬಡ್ಡಿಗೂ ಸಂಬಳ ಕೊಡುತ್ತಾರೆ ಅಂದರೆ ನಮ್ಮೂರಲ್ಲಿ ಇನ್ನೂ ಯಾರೂ ನಂಬುವುದಿಲ್ಲ. ಡೇರಿಯ ಕಿಶನ್ ಕೇಳುತ್ತಾನೆ — ಓಡಾಡೋಕೂ ಸಂಬಳವಾ ಅಕ್ಕ?

ಹೊರಡಬೇಕು. ವ್ಯಾನು ಬಂತು.

ಜನವರಿ 13, ಸೋಮವಾರ

ಸೋತೆವು. ಅರ್ಧ ಆಟದವರೆಗೆ ಮುಂದಿದ್ದು ಸೋತೆವು, ಅದು ಇನ್ನೂ ಹೊಟ್ಟೆ ಉರಿಸುತ್ತದೆ. ಮಂಡಿ ಊದಿದೆ. ಗಂಡ ಸಿದ್ದರಾಜು ಏನೂ ಕೇಳದೆ ಬಿಸಿನೀರು ಕಾಯಿಸಿಟ್ಟ. ಕೇಳಿದ್ದರೆ ಜಗಳ ಆಗುತ್ತಿತ್ತು.

ಜನವರಿ 27, ಸೋಮವಾರ

ಮೂರನೆಯದೂ ಹೋಯಿತು. ಹತ್ತೊಂಬತ್ತರಂದು ಶ್ರೀರಂಗಪಟ್ಟಣ, ನಿನ್ನೆ ನಾಗಮಂಗಲ. ಬರೆಯುವಂಥದ್ದೇನಿದೆ…

ನಮ್ಮ ಕೋಚು ಶ್ರೀಕಂಠಯ್ಯ ಮೇಷ್ಟ್ರು. ಹೊಸಹೊಳಲಿನ ಅರ್ಚಕರ ಮನೆಯವರು, ಪಿ.ಟಿ. ಮೇಷ್ಟ್ರಾಗಿ ರಿಟೈರ್ ಆದವರು. ಎಷ್ಟು ಸೋತರೂ ದನಿ ಎತ್ತುವುದಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ವಾಪಸ್ ಬರುವಾಗ ವ್ಯಾನಿನಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: "ಕಾಲು ಸರಿಯಾಗಿದೆಯಮ್ಮ ನಿಮ್ಮೆಲ್ಲರದೂ. ಕೈ ಬಿಡ್ತಿದೀರಿ. ರೈಡರ್ ಹತ್ತಿರ ಬಂದ ತಕ್ಷಣ ಪಕ್ಕದವಳ ಕೈ ಬಿಡ್ತೀರಿ."

ನಿಜ. ಭಯವಾದರೆ ಎಲ್ಲರೂ ಒಂಟಿ.

ಜನವರಿ 29, ಬುಧವಾರ

ಓನರ್ ಹೊನ್ನಪ್ಪನವರು ಪ್ರಾಕ್ಟೀಸಿಗೆ ಬಂದಿದ್ದರು. ರೈಸ್‌ಮಿಲ್ಲಿನವರು, ಪಾಪ, ಆಸೆಯಿಂದ ತಂಡ ಮಾಡಿದವರು. ಎಲ್ಲರಿಗೂ ಎಳನೀರು ಕೊಡಿಸಿದರು. ಆಮೇಲೆ ನನ್ನೊಬ್ಬಳನ್ನು ಕರೆದು ಹೇಳಿದರು:

"ಕೊನೇ ಜಾಗ ಬಂದ್ರೆ ನಾನು ಟೀಮು ವಾಪಸ್ ಕೊಟ್ಬುಡ್ತೀನಿ ಕಣವ್ವ. ಮನೇಲಿ ಮಕ್ಳು ಆಡ್ಕೋತಾವ್ರೆ. ಬೇಜಾರ್ ಮಾಡ್ಕೋಬೇಡ."

ಲೀಗಿನವರಿಗೆ ವಾಪಸ್ ಕೊಟ್ಟರೆ ಹೇಮಾವತಿ ಇಲ್ಲ. ನಮ್ಮ ತಾಲ್ಲೂಕಿನಿಂದ ತಂಡವೇ ಇಲ್ಲ. ಹುಡುಗಿಯರಿಗೆ ಹೇಳಲೋ ಬೇಡವೋ ಎಂದು ಸಂಜೆಯವರೆಗೆ ಒದ್ದಾಡಿದೆ. ಹೇಳಿದೆ. ನಮ್ಮ ದೊಡ್ಡ ರೈಡರ್ ಸಹನ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡು ಇನ್ನೊಂದು ರೌಂಡು ಓಡಿದಳು. ಗಂಡನ ಮನೆಯಿಂದ ಜಗಳವಾಡಿಕೊಂಡು ಆಡಲು ಬರುವವಳು ಅವಳು.

ನನಗೆ? ಮೂವತ್ತೊಂದು. ಕೊಟ್ಟಿಗೆ, ಹಾಲು, ಹುಲ್ಲು, ಮತ್ತೆ ಹಾಲು. ಇದೊಂದು ಇದೆ. ಇದೂ ಹೋದರೆ ಏನು ಮಾಡಲಿ ಅಂತ ನಿಜವಾಗಲೂ ಗೊತ್ತಿಲ್ಲ.

ಫೆಬ್ರವರಿ 3, ಸೋಮವಾರ

ಗೆದ್ದೆವು!! ಶ್ರೀರಂಗಪಟ್ಟಣದ ಮೇಲೆ. ಕೊನೆಯ ರೈಡರ್‌ನ ಪಾದ ನಾನು ಹಿಡಿದೆ, ಮೇಘನ ಮೇಲೆ ಬಿದ್ದಳು. ಅವಳು ಬಿದ್ದರೆ ಏಳುವವರಿಲ್ಲ. ಎಪ್ಪತ್ತೈದು ಕೆ.ಜಿ. ಒಳಗಿರಬೇಕು ಎಂಬ ನಿಯಮದ ಅಂಚಿನಲ್ಲೇ ಇರುತ್ತಾಳೆ ಯಾವಾಗಲೂ.

ಇಡೀ ದಾರಿ ವ್ಯಾನಿನಲ್ಲಿ ಹಾಡು. ಮೇಷ್ಟ್ರು ಕೂಡ ತಾಳ ಹಾಕಿದರು.

ಫೆಬ್ರವರಿ 12, ಬುಧವಾರ

ಒಂಬತ್ತರಂದು ಪಾಂಡವಪುರದ ಮೇಲೆ ಮತ್ತೆ ಸೋಲು. ಅದು ನಿರೀಕ್ಷೆ ಇತ್ತು. ಉಳಿದಿರುವುದು ನಾಗಮಂಗಲ. ಅವರೂ ನಮ್ಮ ಹಾಗೆ ಒಂದೇ ಗೆದ್ದಿರುವುದು. ಗೆದ್ದವರು ಮೂರನೆಯವರು. ಸೋತವರು ಕೊನೆ.

ಈಗ ಇನ್ನೊಂದು. ಭಾನುವಾರ ಹಾಲ್ ಬೇರೆಯವರಿಗೆ ಬುಕ್ ಆಗಿದೆಯಂತೆ, ಮ್ಯಾಚು ಸೋಮವಾರಕ್ಕೆ ಹೋಯಿತು. ಭಾನುವಾರ ಮೇಘನಳ ಅಣ್ಣನ ಮದುವೆಯ ಬೀಗರೂಟ. ಮ್ಯಾಚೇ ಭಾನುವಾರ ಇದ್ದಿದ್ದರೆ ಊಟ ತಪ್ಪಿಸಿಕೊಳ್ಳಬಹುದಿತ್ತು. ಈಗ ನೆಪವಿಲ್ಲ, ಮಾರನೆಯ ದಿನ ಮ್ಯಾಚಿಗೆ ಮೊದಲು ತೂಕ ನೋಡುತ್ತಾರೆ. ಇಡೀ ತಂಡಕ್ಕೆ ಕರೆದಿದ್ದಾರೆ.

ಮೇಷ್ಟ್ರಿಗೆ ಹೇಳಿದೆ. ಹೋಗಿ ಎಲೆ ಮುಂದೆ ಕೂತು, ಸ್ವಲ್ಪ ಬಾಯಿಗಿಟ್ಟು, ಎದ್ದು ಬನ್ನಿ ಅಂದರು. ಪಾಪ. ಅವರಿಗೆ ಬೀಗರೂಟ ಗೊತ್ತಿಲ್ಲ.

ಫೆಬ್ರವರಿ 16, ಭಾನುವಾರ. ಸಂಜೆ

ಶಾಮಿಯಾನ ತುಂಬ ಜನ. ಹೊಸ ಬೀಗರನ್ನು ಎದುರು ಸಾಲಿನಲ್ಲಿ ಕೂರಿಸಿ, ಗಂಡಿನ ತಂಗಿ ಅಂತ ಮೇಘನಳನ್ನು ಹೊಸ ಅತ್ತಿಗೆಯ ಪಕ್ಕದ ಎಲೆಗೆ ಕೂರಿಸಿದರು. ನಾನು ಆಚೆ ಪಕ್ಕ. ಮುದ್ದೆ, ಬೋಟಿ ಗೊಜ್ಜು, ಕೈಮ ಉಂಡೆ, ಮಟನ್ ಸಾರು, ಮತ್ತೆ ಮುದ್ದೆ. ಬಡಿಸುವವರು ಬೇಡ ಅಂದರೆ ಕೇಳುವವರಲ್ಲ.

ಅವಳು ಎಲೆಗೆ ಕೈ ಅಡ್ಡ ಹಿಡಿದಳು. ಅವಳ ತಾಯಿ ಜಯಲಕ್ಷ್ಮಮ್ಮ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದರು: "ಮನೆಮಗ್ಳೇ ಎಲೆ ಬುಟ್ಟು ಎದ್ರೆ ಬೀಗ್ರು ಏನಂದ್ಕೊಂಡಾರು? ನೀನಾರ ಒಂದ್ಮಾತು ಹೇಳವ್ವ, ನಿನ್ ಮಾತು ಕೇಳ್ತಾಳೆ."

ನಾನು ನೋಡಿದೆ. ಎದುರು ಸಾಲಿನವರೂ ನೋಡುತ್ತಿದ್ದರು. ಉಣ್ಣೇ, ಬೆಳಿಗ್ಗೆ ಓಡಿದರಾಯಿತು ಅಂದೆ. ಕ್ಯಾಪ್ಟನ್ ಅಪ್ಪಣೆ. ಉಂಡಳು. ನಾನೂ ಉಂಡೆ, ಸುಳ್ಳೇಕೆ, ಚೆನ್ನಾಗಿತ್ತು.

ಕೈ ತೊಳೆಯುವಾಗ ಜಯಲಕ್ಷ್ಮಮ್ಮ ಮಗಳ ಜಡೆ ಸವರುತ್ತ ಹೇಳಿದ್ದು ಬರೆದಿಡಬೇಕು. ಮೂರು ವರ್ಷದವಳಿದ್ದಾಗ ಜಾಂಡೀಸ್ ಆಗಿ ಕೈಬಿಟ್ಟು ಹೋಗುವಂತಿದ್ದಳಂತೆ. ಉಳಿದರೆ, ಮದುವೆಗೆ ಮೊದಲು ಇವಳ ಮುಡಿ ಮಾದಪ್ಪನ ಬೆಟ್ಟಕ್ಕೆ ಕೊಡುತ್ತೇನೆ ಅಂತ ಹರಕೆ. ಅಲ್ಲಿಂದ ಕತ್ತರಿ ಮುಟ್ಟಿಸಿಲ್ಲ. ಗಂಡು ಗೊತ್ತಾಗಲಿ, ಆಮೇಲೆ ಬೆಟ್ಟ ಅಂತ ಕಾಯುತ್ತಿದ್ದಾರೆ. ಮುಡಿ ಕೊಟ್ಟ ತಲೆಯನ್ನು ಯಾವ ಗಂಡು ನೋಡೋಕೆ ಬರುತ್ತಾನೆ?

ವರ್ಷವೆಲ್ಲ ಕತ್ತರಿಸೇ ಅಂತ ರೇಗಿಸಿದ್ದೇನೆ. ಒಂದು ಸಲವೂ ಹೇಳಲಿಲ್ಲ ಈ ಹುಡುಗಿ.

ಫೆಬ್ರವರಿ 17, ಸೋಮವಾರ

ಇವತ್ತು ಬೇಡ.

ಫೆಬ್ರವರಿ 18, ಮಂಗಳವಾರ

ಬರೆದರೆ ಹಗುರಾಗಬಹುದು.

ಮೇಘನ ಬೆಳಗ್ಗಿನಿಂದ ನೀರು ಮುಟ್ಟಿರಲಿಲ್ಲ. ತೂಕದ ಕೋಣೆಯಲ್ಲಿ ಮಿಷನ್ ಹತ್ತಿದಳು. ಹೆಚ್ಚು. ಸ್ವೆಟರಿನ ಮೇಲೆ ಸ್ವೆಟರ್ ಹಾಕಿ ಬಿಸಿಲಿನಲ್ಲಿ ಹಾಲ್ ಸುತ್ತ ಓಡಿಸಿದೆ, ನಾನೂ ಜೊತೆಗೆ ಓಡಿದೆ. ಮತ್ತೆ ಹತ್ತಿದಳು. ಇಳಿದಿತ್ತು, ಸಾಲದು. ಇನ್ನೂ ನೂರೈವತ್ತು ಗ್ರಾಂ. ತುಟಿ ಒಣಗಿ ಬಿಳಿಚಿತ್ತು. ಓಡಿಸಲು ಇನ್ನು ಹೊತ್ತಿರಲಿಲ್ಲ, ಅವಳಲ್ಲಿ ಬೆವರೂ ಇರಲಿಲ್ಲ.

ಆಗ ಅವಳೇ ಫಸ್ಟ್ ಏಡ್ ಪೆಟ್ಟಿಗೆಯಿಂದ ಬ್ಯಾಂಡೇಜು ಕತ್ತರಿ ತೆಗೆದು ನನ್ನ ಕೈಗೆ ಕೊಟ್ಟಳು. ಬಲೆ ಕಿತ್ತಳು, ಜಡೆ ಮುಂದೆ ಎಳೆದುಕೊಂಡಳು.

"ಕತ್ತರಿಸ್ಬುಡಕ್ಕ. ಅವ್ವಂಗೆ ನಾನೇಳ್ಕೋತೀನಿ."

ಕತ್ತರಿಸಿದ್ದರೆ ಸಾಕಿತ್ತು. ಆ ಜಡೆ ಅಷ್ಟು ತೂಗುತ್ತದೆ, ನನ್ನ ಕೈಗೇ ಗೊತ್ತು. ಸಹನ ಬಾಗಿಲಲ್ಲಿ ನಿಂತು ಬೇಗ ಬೇಗ ಅನ್ನುತ್ತಿದ್ದಳು. ಮೇಷ್ಟ್ರ ಮುಖ ನೋಡಿದೆ. ದೇವಸ್ಥಾನದ ಮನೆಯವರು, ಏನಾದರೂ ಹೇಳಲಿ ಅಂತ. ಕ್ಯಾಪ್ಟನ್ ನೀನು, ನೀನು ಹೇಳಿದ ಹಾಗೆ ಅಂದು ಹೊರಗೆ ಹೋದರು.

ಮೇಘನ ಕಣ್ಣು ಮುಚ್ಚಿಕೊಂಡಿದ್ದಳು. ಗಟ್ಟಿಯಾಗಿ. ಇಂಜೆಕ್ಷನ್‌ಗೆ ಕೂತ ಮಗುವಿನ ಹಾಗೆ.

ಕತ್ತರಿ ಕೆಳಗಿಟ್ಟೆ. ಬೇಡ, ನೀನು ಇವತ್ತು ಆಡಲ್ಲ ಅಂದೆ. ಹಟ ಮಾಡಿದಳು, ಅತ್ತಳು. ನಾನು ಜಡೆಯನ್ನು ಮತ್ತೆ ಸುತ್ತಿ ಬಲೆ ಹಾಕಿದೆ, ನೀರು ಕುಡಿಸಿದೆ.

ಎರಡು ಪಾಯಿಂಟಿಗೆ ಸೋತೆವು. ಬಲ ಕಾರ್ನರ್‌ನಿಂದಲೇ ಎಲ್ಲ ಹೋಯಿತು. ಕೊನೆಯಲ್ಲಿ ನಾನು ಔಟಾಗಿ ಬೆಂಚಿನಲ್ಲಿ. ಔಟಾದವರು ಸಾಲಾಗಿ ಕೂತು ಕಾಯಬೇಕು. ಒಳಗಿರುವವಳು ಪಾಯಿಂಟು ತಂದರೆ ಮೊದಲು ಔಟಾದವಳು ಎದ್ದು ಒಳಗೆ ಹೋಗಬಹುದು. ನಾನೇ ಮೊದಲಿದ್ದೆ. ಸಹನ ರೈಡಿಗೆ ಹೋದಳು. ಗೆರೆಗೆ ಒಂದು ಗೇಣು ದೂರದಲ್ಲಿ ಅವಳನ್ನು ಹಿಡಿದು ಹಾಕಿದರು. ಕೈ ಚಾಚಿಕೊಂಡೇ ಬಿದ್ದಿದ್ದಳು. ಸೀಟಿ ಊದಿದರು.

ಫೆಬ್ರವರಿ 23, ಭಾನುವಾರ

ಭಾನುವಾರ, ಮ್ಯಾಚಿಲ್ಲ. ಕೈಗೆ ಕೆಲಸವಿಲ್ಲ. ಹಸುವಿನ ಮೈ ಉಜ್ಜಿದೆ, ಎರಡು ಸಲ.

ಹೊನ್ನಪ್ಪನವರು ಮಾತಿನಂತೆ ತಂಡ ವಾಪಸ್ ಕೊಟ್ಟರು. ಜರ್ಸಿ ನೀವೇ ಇಟ್ಟುಕೊಳ್ಳಿ ಅಂದರು. ಜರ್ಸಿ ಹಂಚಲು ಪೇಟೆಗೆ ಹೋದಾಗ ಸಹನ ಸಿಕ್ಕಳು. ಅವಳದ್ದನ್ನು ತೆಗೆದುಕೊಳ್ಳಲಿಲ್ಲ.

"ಕೂದ್ಲು ಬೆಳೀತದೆ ಅಕ್ಕ. ಟೀಮು ಬೆಳೀತದಾ?"

ಅವಳ ಜರ್ಸಿ ಮಡಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಹತ್ತು ಹೆಂಗಸರ ಆಟ ಒಬ್ಬಳ ಜಡೆಗಿಂತ ಕಡಿಮೆಯಾ? ಹರಕೆಗೆ ಹೆದರಿದೆನಾ, ಜಯಲಕ್ಷ್ಮಮ್ಮನ ಮುಖಕ್ಕೆ ಹೆದರಿದೆನಾ? ಉಣ್ಣು ಅಂದವಳೂ ನಾನೇ. ಉಣ್ಣಿಸಿದ್ದು ನಾನು, ಅದಕ್ಕೆ ಅವಳ ಕೂದಲು ತೆಗೆಯುವುದು ಯಾವ ನ್ಯಾಯ? ಇಷ್ಟು ಮಾತ್ರ ಗೊತ್ತು — ಕಣ್ಣು ಮುಚ್ಚಿಕೊಂಡು ಕೊಡುವುದನ್ನು ನನ್ನ ಕೈ ತೆಗೆದುಕೊಳ್ಳಲಿಲ್ಲ. ಅದು ಸರಿಯೋ ತಪ್ಪೋ, ಮತ್ತೆ ಆ ಕೋಣೆಯಲ್ಲಿ ನಿಲ್ಲಿಸಿದರೆ ಮತ್ತೆ ಅದನ್ನೇ ಮಾಡುತ್ತೇನೆ. ಸಹನಳ ಮೇಲೆ ಸಿಟ್ಟೂ ಬರುವುದಿಲ್ಲ. ಅವಳೂ ಸರಿ.

ಮೇಘನ ಫೋನು ಎತ್ತುತ್ತಿಲ್ಲ.

ಮಾರ್ಚ್ 7, ಶುಕ್ರವಾರ

ನಾಡಿದ್ದು ಪಾಂಡವಪುರದಲ್ಲಿ ಟ್ರಯಲ್ಸ್. ಉಳಿದ ಮೂರು ತಂಡದವರು ಹೊಸಬರನ್ನು ಆರಿಸಿಕೊಳ್ಳುತ್ತಾರಂತೆ. ಮೇಷ್ಟ್ರು ಫೋನ್ ಮಾಡಿದ್ದರು. ಮಂಡಿ ಸರಿಯಿಲ್ಲ ಸಾರ್ ಅಂದೆ. ಮಂಡಿ ಚೆನ್ನಾಗಿಯೇ ಇದೆ.

ಸಿದ್ದರಾಜು ಕೇಳಿಸಿಕೊಂಡಿರಬೇಕು. ಉಣ್ಣುವಾಗ ನನ್ನ ಮುಖ ನೋಡದೆ, "ಓಗದಾದ್ರೆ ಓಗು. ಡೇರಿಗೆ ಆಲು ನಾನಾಕ್ತೀನಿ" ಅಂದ. ಹೋಗಲ್ಲ ಅಂದೆ.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ಹುಲ್ಲು ತಂದು ಹಾಕುತ್ತಿದ್ದೆ. ಜಗಲಿ ಮೇಲೆ ಯಾರೋ ಕೂತಿದ್ದರು. ಬೋಳು ತಲೆ, ಅದರ ಮೇಲೆ ಬಳಿದ ಗಂಧ. ಯಾರಪ್ಪ ಈ ಹುಡುಗ ಅಂದುಕೊಂಡೆ.

ಮೇಘನ.

ಶಿವರಾತ್ರಿ ಕಳೆದ ಮೇಲೆ ಬೆಟ್ಟಕ್ಕೆ ಹೋಗಿ ಬಂದಿದ್ದಾಳೆ. ಈ ತಿಂಗಳು ನೋಡಲು ಬರಬೇಕಿದ್ದ ಗಂಡಿನ ಕಡೆಯವರಿಗೆ ಮುಂದಿನ ವರ್ಷ ಬನ್ನಿ ಅಂತ ಹೇಳಿಸಿದ್ದಾಳೆ. ಜಯಲಕ್ಷ್ಮಮ್ಮ ಎರಡು ದಿನ ಊಟ ಬಿಟ್ಟು, ಮೂರನೆಯ ದಿನ ತಾವೇ ಜೊತೆಗೆ ಬಸ್ಸು ಹತ್ತಿದರಂತೆ. ಫೋನು ಎತ್ತದಿದ್ದುದಕ್ಕೆ ಬೈಯಬೇಕು ಅಂತಿದ್ದೆ. ಅಳು ಬಂತು.

ಅವಳು ಅಳಲಿಲ್ಲ. ತಲೆ ಸವರಿಕೊಂಡಳು.

"ಬೆಟ್ಟದ್ದು ಬೆಟ್ಟಕ್ಕೆ ಕೊಟ್ಟೆ ಕಣಕ್ಕ. ಇನ್ಮೇಲೆ ನನ್ ತಲೆ ನಂದು. ನಾಳೆ ಎಷ್ಟೊತ್ತಿಗೆ ಬಸ್ಸು?"

ಹೋಗುವುದಿಲ್ಲ ಅಂದವಳು ನಾನೇನಾ. ಶೂ ಹುಡುಕಿ ಬಿಸಿಲಿಗಿಟ್ಟಿದ್ದೇನೆ.

ಮಾರ್ಚ್ 9, ಭಾನುವಾರ. ಪಾಂಡವಪುರ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೂರು ತಂಡದವರು, ಮೂರು ಮೇಜು. ಇಬ್ಬರನ್ನೂ ಒಂದೇ ಮೇಜಿನವರು ಕರೆಯುತ್ತಾರೆ ಅಂತ ಏನಿದೆ. ಬೇರೆ ಬೇರೆ ಕರೆದರೆ ಬರುವ ವರ್ಷ ಎದುರು ಬದುರು. ಕರೆಯದೆಯೂ ಇರಬಹುದು, ನನ್ನ ವಯಸ್ಸು ಬರೆದುಕೊಂಡವನು ಒಮ್ಮೆ ತಲೆಯೆತ್ತಿ ನೋಡಿದ.

ಬೆಳಿಗ್ಗೆ ಬಸ್ಸಿನಲ್ಲಿ ಅಭ್ಯಾಸಬಲದಿಂದ ಬಾಚಣಿಗೆ ತೆಗೆದುಬಿಟ್ಟೆ. ಮೇಘನ ನಕ್ಕು ತಲೆ ಮುಂದಕ್ಕೆ ಬಗ್ಗಿಸಿದಳು. ಹೆಣೆಯಲು ಏನೂ ಇರಲಿಲ್ಲ. ಕೈ ಹಾಗೇ ತಲೆಯ ಮೇಲಿಟ್ಟೆ. ಬೆಚ್ಚಗಿತ್ತು. ಚುಚ್ಚುತ್ತಿತ್ತು, ಆಗಲೇ ಮೊಳೆತಿದೆ.

ಸಹನ ಬಂದಿದ್ದಾಳೆ. ದೂರ ನಿಂತಿದ್ದಳು. ಮೇಘನಳ ತಲೆ ನೋಡಿ, ಬಂದು ನನ್ನ ಆಚೆ ಪಕ್ಕ ಕೂತಳು. ಆ ಜರ್ಸಿ ತಂದಿದ್ದೀಯಾ ಅಕ್ಕ ಅಂತ ಕೇಳಿದಳು. ಬ್ಯಾಗಿನಲ್ಲೇ ಇತ್ತು. ಕೊಟ್ಟೆ. ಈಗ ಹಾಕಿಕೊಳ್ಳುತ್ತಿದ್ದಾಳೆ, ಇಲ್ಲದ ತಂಡದ ಜರ್ಸಿ.

ಮೇಘನ ತೂಕದ ಮಿಷನ್ ಹತ್ತಿದಳು. ಸರಿಯಾಗಿದೆ, ಒಳಗೇ ಇದೆ. ಅಲ್ಲಿಂದಲೇ ನನ್ನ ಕಡೆ ತಿರುಗಿದಳು, ಕಣ್ಣು ಪೂರ್ತಿ ತೆರೆದುಕೊಂಡು. ಮೊದಲು ಡಿಫೆಂಡರ್‌ಗಳನ್ನು ಆಡಿಸಿ ನೋಡುತ್ತಾರಂತೆ. ಎಡಕ್ಕೆ ದಿವ್ಯ ಅಂತ ನನ್ನ ಹೆಸರು ಕೂಗಿದರು. ಬಲಕ್ಕೆ ಯಾರೆಂದು ಹಾಳೆ ತಿರುಗಿಸುತ್ತಿದ್ದಾರೆ. ಮೇಘನ ಕಾಯಲಿಲ್ಲ, ಆಗಲೇ ಮ್ಯಾಟಿನ ಬಲ ಮೂಲೆಗೆ ಹೋಗಿ ನಿಂತು ನನ್ನ ಕಡೆ ಕೈ ಚಾಚಿ…