ಎಡಗಾಲಿನ ಕಪ್ಪು ಪಟ್ಟಿಗಳು

ಮನೆ, ಡಿಸೆಂಬರ್ ೭
ಭಾನುವಾರ ಬೆಳಗ್ಗೆ

ನನ್ನ ಪ್ರೀತಿಯ ತಮ್ಮಾ,

“ಚೆಂಡು ನೋಡಿ ಒದೆಯುವವನು ಆಟಗಾರ, ಕಾಲು ನೋಡಿ ಒದೆಯುವವನು ಕಟುಕ.” ಹಿತ್ತಲಲ್ಲಿ ನಿನ್ನ ಅಳಿಯನಿಗೆ ಆಟ ಕಲಿಸುವಾಗ ನೀನು ಹೇಳುತ್ತಿದ್ದದ್ದು ಇಷ್ಟೇನಾ? ಇದರ ಮುಂದೆ ಇನ್ನೊಂದು ಸಾಲಿತ್ತೇ? ಉದ್ದುದ್ದ ಪದ್ಯಗಳು ಬಾಯಿಗೆ ಬರುವ ನನಗೆ ಸ್ವಂತ ತಮ್ಮನ ಒಂದು ಮಾತು ಪೂರ್ತಿ ನೆನಪಿರಲಿಲ್ಲ ನೋಡು. ಹಲ್ಲಿಗೆ ಸಿಕ್ಕ ನಾರಿನ ಹಾಗೆ ಅದು ನಿನ್ನೆಯಿಂದ ಕಾಡುತ್ತಿದೆ.

ಇರಲಿ, ಮೊದಲು ನಿನ್ನ ಆರೋಗ್ಯ ಹೇಗಿದೆ ಹೇಳು. ಎಂಜಿನ್ ಕೋಣೆಯ ಸೆಖೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಇಳಿದವೇ? ಗೋಲ್‌ಕೀಪರ್ ಆಗಿದ್ದಾಗ ಸೊಟ್ಟಗಾದ ಕಿರುಬೆರಳು ಚಳಿಗೆ ಈಗಲೂ ನೋಯುತ್ತದೆಯೇ? ಹಡಗಿನಲ್ಲಿ ಯಾರೂ ಕೇಳುವವರಿಲ್ಲ ಎಂದು ಊಟ ಬಿಡಬೇಡ. ನಿನ್ನ ಭಾವ ಕೆಲಸದ ಮೇಲೆ ಹೋದವರು ಬುಧವಾರ ಬರುತ್ತಾರೆ. ಅವರಿಗಿನ್ನೂ ಏನೂ ಹೇಳಿಲ್ಲ. ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಅಕ್ಷರ ಸೊಟ್ಟಗೆ ಕಂಡರೆ ಕನ್ನಡಕದ ತಪ್ಪಲ್ಲ, ಬಲಗೈ ಮಣಿಕಟ್ಟು ಊದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ವರ್ಷ ಮಗನ ಕಾಲೇಜಿನ ಫುಟ್‌ಬಾಲ್ ತಂಡ ಒಂದು ಪಂದ್ಯವನ್ನೂ ಸೋತಿಲ್ಲ ಎಂದು ಹಿಂದಿನ ಪತ್ರದಲ್ಲಿ ಕುಣಿದಾಡಿದ್ದೆನಲ್ಲ, ಅದನ್ನು ಹರಿದು ಸಮುದ್ರಕ್ಕೆ ಹಾಕು. ಮೊದಲ ಪಂದ್ಯದಲ್ಲೇ ಎದುರಾಳಿಯೊಬ್ಬನ ಮೂಗು ಒಡೆಯಿತು. ಆಟ ಅಂದಮೇಲೆ ಇದ್ದದ್ದೇ ಎಂದುಕೊಂಡೆ. ಮುಂದಿನದರಲ್ಲಿ ಮೊಣಕೈ ಏಟಿಗೆ ಒಬ್ಬನ ಹಲ್ಲು ಬಿತ್ತು. ರೆಫರಿ ಅದನ್ನು ಹುಲ್ಲಿನಲ್ಲಿ ಹುಡುಕಿ, ಕರವಸ್ತ್ರದಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. ಆಮೇಲೆ ಪಕ್ಕೆಲುಬು, ಆಮೇಲೆ ಭುಜ. ನಮ್ಮವರಿಗೂ ಬಿತ್ತು. ನಮ್ಮ ಗೋಲ್‌ಕೀಪರ್ ಹುಬ್ಬು ಸೀಳಿಸಿಕೊಂಡು ಅರ್ಧ ಮುಖ ಕೆಂಪಾಗಿದ್ದಂತೆಯೇ ಆಟ ಮುಗಿಸಿದ. ನನ್ನ ಪಕ್ಕ ಕೂರುವ ಅಪ್ಪಂದಿರು, ಮನೆಯಲ್ಲಿ ಇರುವೆಯನ್ನೂ ದಾಟಿ ನಡೆಯುವಂಥವರು, “ಹಾಕೋ, ಇನ್ನೊಂದು ಹಾಕೋ!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು.

ಮಗ ಎಡ ಮುಂಗಾಲಿಗೆ ಏಟು ಬೀಳದಂತೆ ಕಟ್ಟುವ ಶಿನ್‌ಗಾರ್ಡ್ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತೆಳು ಪಟ್ಟಿಗಳು ಒಂದರ ಮೇಲೊಂದು ಏರುತ್ತಿವೆ, ಗೆದ್ದ ಪಂದ್ಯಕ್ಕೊಂದು ಎಂದು ನಿನಗೆ ಹೆಮ್ಮೆಯಿಂದ ಬರೆದಿದ್ದೆ. ತೊಳೆದು ಒರೆಸಿ, ಎದ್ದ ಅಂಚನ್ನು ಉಗುರಿನಿಂದ ಒತ್ತಿ ಕೂರಿಸುತ್ತಿದ್ದವಳೂ ನಾನೇ. ಡ್ರಾ ಆದ ಪಂದ್ಯಕ್ಕೂ ಒಂದು ಪಟ್ಟಿ ಬಂದಾಗ “ಇದ್ಯಾಕೋ?” ಎಂದೆ. “ಅದೂ ಗೆದ್ದ ಹಾಗೇ ಬಿಡಮ್ಮ” ಅಂದ. ನಂಬಿದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ನಿನ್ನೆ ಸೆಮಿಫೈನಲ್. ಜನ ಕಿಕ್ಕಿರಿದು ನನಗೆ ಗೋಲ್ ಕಂಬದ ಹಿಂದೆ ಮಾತ್ರ ಜಾಗ ಸಿಕ್ಕಿತು. ಎದುರು ತಂಡದಲ್ಲಿ ಒಬ್ಬ ಪುಟ್ಟ ಆಳು, ಎಲ್ಲರೂ ಗುಬ್ಬಚ್ಚಿ ಎಂದು ಕರೆಯುತ್ತಿದ್ದರು. ಕಾಲಿಗೆ ಚೆಂಡನ್ನು ದಾರದಿಂದ ಕಟ್ಟಿಕೊಂಡ ಹಾಗೆ ಓಡುತ್ತಿದ್ದ. ನಮ್ಮವನಿಗೆ ತಂಡದಲ್ಲಿ ಗೋಡೆ ಎಂದೇ ಹೆಸರು. ಪೆನಾಲ್ಟಿ ಬಾಕ್ಸಿನಲ್ಲಿ ಚೆಂಡು ಕೈಗೆ ತಾಗದಿರಲೆಂದು ನೀನು ಕಲಿಸಿದಂತೆಯೇ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಎದೆಯೊಡ್ಡಿ ನಿಂತಿದ್ದ. ಗುಬ್ಬಚ್ಚಿ ಅವನ ಎರಡು ಕಾಲಿನ ನಡುವೆಯೇ ಚೆಂಡು ತೂರಿಸಿ ಗೋಲು ಹೊಡೆದುಬಿಟ್ಟ. “ಗೋಡೆಗೆ ಬಾಗಿಲು ಇಟ್ಟ ಕಣ್ರೋ!” ಎಂದು ಯಾರೋ ಕೂಗಿದರು. ಇಡೀ ಮೈದಾನ ನಕ್ಕಿತು. ನನಗೂ ನಗು ಬಂತು.

ಆಮೇಲೆ ಆದದ್ದನ್ನು ರೆಫರಿ ನೋಡಲಿಲ್ಲ. ಚೆಂಡು ಮೈದಾನದ ಆ ತುದಿಗೆ ಹಾರಿತ್ತು, ಎಲ್ಲರ ಕತ್ತೂ ಅದರ ಹಿಂದೆ ತಿರುಗಿತ್ತು. ನಾನು ಮಗನನ್ನೇ ನೋಡುತ್ತಿದ್ದೆ. ಗುಬ್ಬಚ್ಚಿ ಜಾರಿ ಬಿದ್ದವನು ಏಳುತ್ತಿದ್ದ. ಇವನು ದೂರ ಹೋದ ಚೆಂಡನ್ನೊಮ್ಮೆ ನೋಡಿದ. ಆ ಕಾಲನ್ನೊಮ್ಮೆ ನೋಡಿದ. ಮೈಯ ಪೂರ್ತಿ ಭಾರ ಹಾಕಿ ತುಳಿದ. ಹಸಿ ಕಬ್ಬನ್ನು ಮಂಡಿಗೆ ಕೊಟ್ಟು ಮುರಿದಂಥ ಸದ್ದು. ನೋವು ಇನ್ನೂ ತಲೆಗೆ ತಲುಪಿರಲಿಲ್ಲವೇನೋ, ಗುಬ್ಬಚ್ಚಿ ಎದ್ದು ಓಡಲು ನೋಡಿದ. ಪಾದ ಮಾತ್ರ ಬೇರೆ ಕಡೆಗೆ ತಿರುಗಿಕೊಂಡಿತ್ತು. ಆಮೇಲೆ ಬಂದ ಅವನ ಚೀರಾಟಕ್ಕೆ ಕೂಗುತ್ತಿದ್ದ ಅಪ್ಪಂದಿರೆಲ್ಲ ಸುಮ್ಮನಾದರು. ಅವನಿಲ್ಲದ ತಂಡದ ಮೇಲೆ ನಾವು ಎರಡು ಗೋಲು ಹೊಡೆದು ಗೆದ್ದೆವು. ಶನಿವಾರ ಫೈನಲ್.

ಇವನು ಮನೆಗೆ ಬಂದು ಸ್ನಾನ ಮಾಡಿ, ಅಡುಗೆಮನೆಯ ಕತ್ತರಿ ತೆಗೆದುಕೊಂಡು ಟೇಪು ಕತ್ತರಿಸಲು ಕೂತ. ಆಗ ಹೊಳೆಯಿತು ನನಗೆ. ಗೆದ್ದ ಪಂದ್ಯಕ್ಕಲ್ಲ, ಇವನಿಂದ ಸ್ಟ್ರೆಚರ್ ಮೇಲೆ ಹೋದವನಿಗೆ ಒಂದೊಂದು ಪಟ್ಟಿ. ಕೇಳಿದರೆ ತಂಡದಲ್ಲಿ ಎಲ್ಲರ ಕಾಲಿಗೂ ಇದೆ, ತನಗೇ ಜಾಸ್ತಿ ಎಂದು ಶಾಂತವಾಗಿ ಹೇಳಿದ. “ನಿನ್ನ ಮಾವ ಕಲಿಸಿದ್ದು ಇದನ್ನೇನೋ?” ಎಂದೆ. “ನೀನು ಅರ್ಧ ಕೇಳಿಸ್ಕೊಂಡಿದ್ದೀಯಮ್ಮ. ಎರಡನ್ನೂ ನೋಡಿ ಒದೆಯುವವನು ಕ್ಯಾಪ್ಟನ್. ಮಾವನೇ ಹೇಳಿದ್ದು” ಅಂದ.

ಅದೇ ಶಿನ್‌ಗಾರ್ಡ್ ಕಿತ್ತುಕೊಂಡು ಅವನ ಮುಖಕ್ಕೆ ಬೀಸಿದೆ. ತುಟಿ ಒಡೆಯಿತು. ಮತ್ತೆ ಕೈ ಎತ್ತಿದೆ. ಅವನು ನನ್ನ ಮಣಿಕಟ್ಟು ಹಿಡಿದು ತಿರುಚಿದ. ಬಿಡು ಎಂದರೂ ಬಿಡಲಿಲ್ಲ. ಆ ಹೊತ್ತಿನಲ್ಲಿ ನನ್ನನ್ನು ನೋಡಿದ ಕಣ್ಣು, ಮೈದಾನದಲ್ಲಿ ಆ ಕಾಲನ್ನು ನೋಡಿದ ಕಣ್ಣೇ. ನನಗೆ ನನ್ನ ಮಗನ ಭಯವಾಯಿತು ಕಣೋ. ನೀಲಿಗಟ್ಟಿದ ಅವನ ಬೆರಳ ಗುರುತು ಇನ್ನೂ ಇದೆ.

ಬೆಳಗ್ಗೆ ಎದ್ದವನೇ ನನ್ನ ಕೈ ನೋಡಿದ. ನಾನೇ ಹೇಳಿದೆ: ಇವತ್ತು ಆಸ್ಪತ್ರೆಗೆ ಹೋಗಿ ಆ ಹುಡುಗನ ಮುಂದೆ ನಿಂತು, ಬೇಕಂತಲೇ ತುಳಿದೆ ಅಂತ ನಿನ್ನ ಬಾಯಿಂದ ಹೇಳಬೇಕು. ಒಬ್ಬನೇ ಹೋಗಬೇಕು. ಇಲ್ಲದಿದ್ದರೆ ನಾಳೆ ಕಾಲೇಜಿಗೆ ನಾನೇ ಹೋಗಿ ಕಂಡದ್ದನ್ನು ಹೇಳುತ್ತೇನೆ. ಚಪ್ಪಲಿ ಮೆಟ್ಟಿ ಹೊರಟುಹೋದ. ಆಸ್ಪತ್ರೆಗೋ ಅಭ್ಯಾಸಕ್ಕೋ ತಿಳಿಯದು. ಹೊಸ ಪಟ್ಟಿ ಅರ್ಧ ಅಂಟಿ ಮೇಜಿನಂಚಿಗೆ ಜೋತಾಡುತ್ತಿದೆ.

ಮೈ ಕಾಪಾಡಿಕೋ. ಕಡಲು ನಿನ್ನ ಮೇಲೆ ಮುನಿಯದಿರಲಿ.

ನಿನ್ನ ಅಕ್ಕ

ಮುಖ್ಯವಾದದ್ದೇ ಉಳಿಯಿತು. ಆ ಮೂರನೆಯ ಸಾಲು ನಿನ್ನದೇ ಆಗಿದ್ದರೆ, ತಮಾಷೆಗೆ ಅಂದದ್ದು ಎಂದು ನೀನೇ ಅವನಿಗೆ ಬರೆ. ನನ್ನ ಮಾತು ಅವನ ಕಿವಿಯವರೆಗೆ, ನಿನ್ನದು ಒಳಗೆ ಹೋಗುತ್ತದೆ.

ಲಕೋಟೆ ಅಂಟಿಸುವಷ್ಟರಲ್ಲಿ ಬಾಗಿಲು ಬಡಿದರು. ಎದುರು ಮನೆಯ ನರ್ಸಮ್ಮ, ಡ್ಯೂಟಿ ಬಟ್ಟೆಯಲ್ಲೇ ಓಡಿ ಬಂದಿದ್ದಾಳೆ. ಅವಳು ಸ್ಕೂಟರ್ ತಿರುಗಿಸುವುದರೊಳಗೆ ಇಷ್ಟು ಗೀಚುತ್ತಿದ್ದೇನೆ. ಬಾಗಿಲಲ್ಲಿ ನಿಂತು ಅವಳು ಹೇಳಿದ್ದು: “ಅಕ್ಕಾ, ಬೇಗ ಹೊರಡಿ, ಬೇಕಂತಲೇ ತುಳಿದೆ ಅಂತ ಇವನೇ ಹೇಳಿದ್ದಕ್ಕೆ ಆ ಕಾಲು ಮುರಿದ ಹುಡುಗನ ತಂಡದೋರು ನಿಮ್ಮ ಮಗನ್ನ ವಾರ್ಡಿನ ಬಾಗಿಲಲ್ಲೇ ಹಾಕ್ಕೊಂಡು ಬಡಿದ್ರು. ಜೀವಕ್ಕೇನೂ ಭಯವಿಲ್ಲ, ತಲೆಗೆ ಹೊಲಿಗೆ ಹಾಕ್ತಿದ್ದಾರೆ. ಅಷ್ಟು ದೊಡ್ಡ ಆಳು, ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡೇ ನಿಂತಿದ್ದ ಅಕ್ಕಾ. ಬಿಡಿಸೋಕೆ ಹೋದ್ರೆ ನನಗೇ ಅಂತಾನೆ, ‘ಇನ್ನೂ ಮುಗಿದಿಲ್ಲ, ಬಿಡಿ.’”