ಹೋಟಗಿ ಜಂಕ್ಷನ್ನಿನ ರಾಣಿ

ವಾಗದರಿ, ತಾ. ಅಕ್ಕಲಕೋಟ
೭ ಜನವರಿ ೨೦೨೫, ಇಳಿಹೊತ್ತು

ಪ್ರೀತಿಯ ಶೀತಲವ್ವಾ,

ನಾಟಕಕ್ಕೆ ಸಮುದ್ರ ಎಲ್ಲಿಂದ ತಂದಿ ಅಪ್ಪಾ ಎಂದು ನೀನು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು ನೋಡು. ಹೇಳುತ್ತೇನೆ. ಮೊದಲು ನಿನ್ನ ಸೊಂಟನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ಪುಣೆಯ ಥಂಡಿ ಅಳಿಯಂದಿರಿಗೆ ಒಗ್ಗಿತೇ? ನಾನು ಗಟ್ಟಿಯಾಗಿದ್ದೇನೆ.

ಸಮುದ್ರ ತರಲಿಲ್ಲ. ಬಿ.ಎ.ಯಲ್ಲಿ ನಮಗಿದ್ದ ಹಳೆಯ ಇಂಗ್ಲಿಷ್ ನಾಟಕದಲ್ಲಿ ರಾಜ ಹಡಗು ಹತ್ತಿ ಹೋಗುತ್ತಾನೆ, ರಾಣಿ ದಂಡೆಯ ಮೇಲೆ ಕಾಯುತ್ತಾಳೆ. ನನಗೆ ನೆನಪಿರುವುದು ಅಷ್ಟೇ. ಕೊನೆಯ ಅಂಕದ ಹೊತ್ತಿಗೆ ನನ್ನ ಮದುವೆ ಬಂತು. ಸಂಕ್ರಾಂತಿಗೆ ಊರವರು ನಾಟಕ ಬೇಕೆಂದಾಗ ಅದನ್ನೇ ನಮ್ಮ ಕಡೆಗೆ ತಿರುಗಿಸಿದೆ. ರಾಜ ಈಗ ಸೊಲ್ಲಾಪುರದ ಚಾದರ ವ್ಯಾಪಾರಿ, ಹಡಗು ರೈಲು, ಬಂದರು ಹೋಟಗಿ ಜಂಕ್ಷನ್. ವ್ಯಾಪಾರಿಯ ಪಾತ್ರ ಮಾಡುವ ಯೋಗಿರಾಜ ಮರಾಠಿ ಶಾಲೆಯಲ್ಲಿ ಕಲಿತವನು, ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಅವನ ಮಾತುಗಳನ್ನೆಲ್ಲ ಮರಾಠಿ ಅಕ್ಷರದಲ್ಲಿ ಬರೆದುಕೊಟ್ಟೆ.

ತಾಲೀಮಿನಲ್ಲಿ ರಾಣಿಯ ಹತ್ತಿರ ಬಂದು ನಮ್ಮ ಗಾಡಿ ನಿಂತಿತು. ಆಕೆ ಒಬ್ಬಳೇ ಅಳುತ್ತ ಆಡುವ ಉದ್ದನೆಯ ಮಾತೊಂದನ್ನು ಬರೆದಿದ್ದೆ. ಅಂಥ ಮಾತಿಗೆ ನಮ್ಮ ಪ್ರೊಫೆಸರು ಸಾಲಿಲಕ್ವಿ ಎನ್ನುತ್ತಿದ್ದರು, ಸ್ಪೆಲಿಂಗು ನನಗೆ ಆಗಲೂ ಬರುತ್ತಿರಲಿಲ್ಲ. ರಾಣಿಯಾದ ಹಿಂದಿನ ಮನೆಯ ಚಂದ್ರಭಾಗಾ ಎರಡು ಸಾಲು ಹೇಳಿ ಸೆರಗು ಸಿಗಿಸಿದಳು. “ಕಾಕಾ, ಗಂಡ ಬರೂದು ತಡಾ ಆದ್ರ ಯಾವ ಹೆಂಗಸು ಹಿಂಗ ಭಾಷಣಾ ಮಾಡ್ತಾಳ್ರಿ? ರೊಟ್ಟಿ ಬಡೀತಾಳ. ಬರಾವ ಹಸದು ಬಂದಿರ್ತಾನ.” ಯೋಗಿರಾಜ ಸುಮ್ಮನಿರಲಿಲ್ಲ: “ಹಂಗಾರ ಲಗೂನ ಬರ್ತೀನಿ ಬಿಡ್ರಿ ಕಾಕು, ರೊಟ್ಟಿ ಆರೂದ್ರಾಗ.” “ಕಡಕ ರೊಟ್ಟಿ ಐತೋ, ತಿಂಗಳಾದ್ರೂ ಕೆಡೂದಿಲ್ಲ. ನೀ ಸಾವಕಾಶ ಬಾ.”

ಎಲ್ಲರೂ ನಕ್ಕರು. ನನಗೆ ನಿಮ್ಮವ್ವ ನೆನಪಾದಳು. ನೀನು ಬರುವ ಸುದ್ದಿ ಇರಲಿ ಬಿಡಲಿ, ತಿಂಗಳಿಗೊಮ್ಮೆ ಸಜ್ಜೆ ರೊಟ್ಟಿ ಬಡಿದು, ಒಲೆಯ ಸುತ್ತ ನಿಲ್ಲಿಸಿ ಕಡಕ್ಕು ಮಾಡಿ, ಡಬ್ಬಿ ತುಂಬಿಡುತ್ತಿದ್ದಳು. ನಾನು ಅದನ್ನು ಬರೀ ಅಡಿಗೆ ಎಂದುಕೊಂಡಿದ್ದೆ. ಸಾಲಿಲಕ್ವಿಯನ್ನು ಹೊಡೆದುಹಾಕಿದೆ. ಈಗ ರಾಣಿ ಮಾತಾಡುವುದಿಲ್ಲ. ಒಂದೊಂದು ರೈಲು ಹೋದಾಗಲೂ ಬುತ್ತಿ ಬಿಚ್ಚಿ, ರೊಟ್ಟಿ ಮುರಿದಿಲ್ಲವೆಂದು ನೋಡಿ, ಮತ್ತೆ ಕಟ್ಟುತ್ತಾಳೆ.

ನಿನ್ನೆ ನೀನು “ಅವ್ವ ಇಲ್ಲದ ಮನಿ ಎಂಥಾ ತವರು ಅಪ್ಪಾ, ಬಂದು ಯಾರ ಮಾರಿ ನೋಡ್ಲಿ” ಎಂದೆಯಲ್ಲ, ಅದಕ್ಕೇ ನಾನು ನಾಟಕದ ಸುದ್ದಿ ತೆಗೆದಿದ್ದೆ. ಅವಳು ಹೋದಮೇಲೆ ನೀನು ಬಂದಿಲ್ಲ, ತಪ್ಪು ಎನ್ನಲಾರೆ. ರೈಲಿನಿಂದ ವ್ಯಾಪಾರಿ ಇಳಿಯುತ್ತಾನೋ ಇಲ್ಲವೋ, ಆ ಸೀನು ನಾನಿನ್ನೂ ಬರೆದಿಲ್ಲ. ಬರೆಯಬೇಕೆಂದು ಕೂತರೆ... ಇಗೋ, ಅಕ್ಷರ ಕಾಣದಾಯಿತು, ಬೆಳಕು ಹೋಗುತ್ತಿದೆ. ನಿಲ್ಲಿಸುತ್ತೇನೆ.

ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಮನೆ ತಂಪಾಗಿರಲಿ.

ನಿಮ್ಮಪ್ಪ,
ಮಲಕಾಜಪ್ಪ

ತಾ.ಕ.: ಅವ್ವನ ಡಬ್ಬಿಯಲ್ಲಿ ಈಗ ರೊಟ್ಟಿ ಇವೆ. ನಾನೇ ಬಡಿದೆ, ದುಂಡಗಿಲ್ಲ, ಅಂಚು ಸೀದಿವೆ. ಕೇಳಿದವರಿಗೆ ನಾಟಕಕ್ಕೆ ಎಂದು ಹೇಳಿದ್ದೇನೆ. ನಾಟಕದ ರೊಟ್ಟಿಯನ್ನು ಚಂದ್ರಭಾಗಾ ತನ್ನ ಮನೆಯಿಂದಲೇ ತರುತ್ತಾಳೆ.